ಕಾಯಕದ ಸಫಲತೆ ಮತ್ತು ಲಕ್ಕಮ್ಮನ ಅಳತೆ

ಕಾಯಕತತ್ತ್ವವನ್ನು ಕುರಿತ ಇಂದಿನ ಭಾಷಣ-ಬರಹಗಳಲ್ಲಿ ಒಂದು ಸಮೀಕರಣ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ದೇವರಲ್ಲಿ ನಂಬಿಕೆಯುಳ್ಳವನು ಶ್ರದ್ಧೆಯಿಂದ ದುಡಿಯುತ್ತಾನೆ, ಶ್ರದ್ಧೆಯಿಂದ ದುಡಿದವನು ಏಳಿಗೆ ಹೊಂದುತ್ತಾನೆ. ಕೇಳುವುದಕ್ಕೆ ಹಿತವಾದ ಈ ಮಾತಿಗೆ ಶರಣಸಾಹಿತ್ಯದ ಸಮ್ಮತಿ ಎಷ್ಟರಮಟ್ಟಿಗೆ ಇದೆಯೆಂಬುದನ್ನು ಪರೀಕ್ಷಿಸಲು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪ್ರಸಂಗ ಒಳ್ಳೆಯ ಒರೆಗಲ್ಲು.

ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. 12ನೆಯ ಶತಮಾನದ ಇವರ ವಚನಗಳನ್ನು, ಶತಮಾನಗಳ ಅನಂತರ ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ಶೂನ್ಯಸಂಪಾದನೆಯಲ್ಲಿ ಸಂವಾದರೂಪವಾಗಿ ಜೋಡಿಸಿದ್ದಾರೆ. ಬಿಡಿಯಾಗಿ ಓದಿದಾಗ ತತ್ತ್ವವಾಗಿ ತೋರುವ ವಚನಗಳು ಆ ಜೋಡಣೆಯಲ್ಲಿ ಎರಡು ವ್ಯಕ್ತಿತ್ವಗಳ ಮುಖಾಮುಖಿಯಾಗುತ್ತವೆ.

ಮಾರಯ್ಯನ ನಂಬಿಕೆ ಪ್ರಶ್ನಾತೀತವಾದುದು. ಕಾಯಕದ ಹೊತ್ತಿನಲ್ಲಿ ಗುರು ಲಿಂಗ ಜಂಗಮಗಳ ಸೇವೆಯೂ ಹಿಂದೆ ಸರಿಯಬೇಕೆಂಬ ಅರ್ಥದ ಮಾತನ್ನಾಡಿದವನು ಅವನೇ. ಆದರೆ ಅಂಥವನೇ ಪ್ರಭುದೇವರೊಡನೆ ತತ್ತ್ವಚರ್ಚೆಯಲ್ಲಿ ಮೈಮರೆತು ಅಂದಿನ ಕಾಯಕವನ್ನು ನಿಲ್ಲಿಸಿಬಿಡುತ್ತಾನೆ. ಲಕ್ಕಮ್ಮ ಎಚ್ಚರಿಸಿದ ಮೇಲೆ ಧಾವಿಸಿ, ನಿತ್ಯದ ಅಳತೆಯನ್ನು ಮೀರಿ ಅಕ್ಕಿ ತರುತ್ತಾನೆ. ಮೊದಲನೆಯದು ಕೊರತೆಯ ದೋಷ. ಎರಡನೆಯದು ಹೆಚ್ಚಳದ ದೋಷ. ಎರಡೂ ನಂಬಿಕೆಯಿಲ್ಲದವನ ದೋಷಗಳಲ್ಲ, ಉತ್ಸಾಹಿಯಾದ ಭಕ್ತನ ದೋಷಗಳು ಎಂಬುದು ಇಲ್ಲಿ ಗಮನಾರ್ಹ. ಹೆಚ್ಚು ತಂದುದನ್ನು ಲೋಕ ಸಾಫಲ್ಯವೆಂದು ಕರೆದೀತು. ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ.

ಇದರಿಂದ ಸ್ಪಷ್ಟವಾಗುವುದೇನೆಂದರೆ, ನಂಬಿಕೆ ಕಾಯಕಕ್ಕೆ ಪ್ರೇರಣೆ ಮಾತ್ರ; ಅದಕ್ಕೆ ಮಿತಿಯನ್ನು ಹಾಕುವುದು ಮೌಲ್ಯ; ಆ ಮೌಲ್ಯವನ್ನು ಆಪ್ತರಿಗೆ ಎದುರಾಗಿಯೂ ಎತ್ತಿಹಿಡಿಯುವುದು ವ್ಯಕ್ತಿತ್ವ. ಈ ಮೂರೂ ಕೂಡಿದಲ್ಲಿ ಕಾಯಕ ಸಫಲವಾಗುತ್ತದೆ. ಸ್ವಭಾವಭೇದಕ್ಕೂ ಶರಣರಲ್ಲಿ ಎಡೆಯಿತ್ತು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದ ನುಲಿಯ ಚಂದಯ್ಯನ ನಿಷ್ಠುರತೆ ಒಂದು ಬಗೆ. ಮನೆಯೊಳಗಿದ್ದು ತಕ್ಕಡಿ ಹಿಡಿದ ಲಕ್ಕಮ್ಮನ ಸಂಯಮ ಇನ್ನೊಂದು ಬಗೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಪ್ರಾಟೆಸ್ಟೆಂಟರ ವೃತ್ತಿನಿಷ್ಠೆಯೂ ಮಿತವ್ಯಯವೂ ಕೂಡಿ ಬಂಡವಾಳದ ಸಂಚಯಕ್ಕೆ ದಾರಿಯಾದುವೆಂದು ವಾದಿಸಿದನು. ಕಾಯಕವನ್ನು ಇದರೊಡನೆ ಹೋಲಿಸುವ ರೂಢಿಯುಂಟು. ಹೋಲಿಕೆ ಅರ್ಧದವರೆಗೆ ಸರಿ. ದುಡಿಮೆಗೆ ದೈವಿಕ ಬೆಲೆಯಿರುವುದು ಎರಡರಲ್ಲಿಯೂ ಸಮಾನ. ಆದರೆ ಅಲ್ಲಿ ಉಳಿದುದು ಮತ್ತೆ ಉದ್ಯಮಕ್ಕೆ ಸೇರಿ ಬೆಳೆಯಿತು. ಇಲ್ಲಿ ದುಡಿದುದು ದಾಸೋಹಕ್ಕೆ ಸಂದು, ಕೂಡಿಡುವ ಮಾತೇ ಇಲ್ಲವಾಯಿತು. ದಾಸೋಹವನ್ನು ಬಿಟ್ಟು ಕಾಯಕವನ್ನಷ್ಟೇ ಹೊಗಳುವವರು ಶರಣರ ಹೆಸರಿನಲ್ಲಿ ವೇಬರನ ಪ್ರಾಟೆಸ್ಟೆಂಟನನ್ನು ಹೊಗಳುತ್ತಿರುತ್ತಾರೆ.

ಇಲ್ಲೊಂದು ಆಕ್ಷೇಪಣೆ ಏಳುವುದು ಸಹಜ. ಲಕ್ಕಮ್ಮನ ಬೋಧೆ ಬಡವರನ್ನು ಬಡತನದಲ್ಲಿಯೇ ತೃಪ್ತಿಪಡಿಸುವ ಉಪಾಯವಲ್ಲವೆ? ಉಳ್ಳವರು ಕೂಲಿಕಾರನಿಗೆ ಇದನ್ನು ಉಪದೇಶಿಸಿದರೆ ಅದು ನಿಶ್ಚಯವಾಗಿ ವಂಚನೆಯೇ. ಆದರೆ ಪ್ರಸಂಗದಲ್ಲಿ ಮಿತಿಯನ್ನು ವಿಧಿಸಿದವಳು ಒಡತಿಯಲ್ಲ, ಆ ಅಕ್ಕಿಯನ್ನೇ ನಂಬಿ ಬಾಳುವವಳು. ವಿಧಿಸಿದ್ದು ಪರರಿಗಲ್ಲ, ತನ್ನ ಮನೆಗೆ. ಅದೇ ಕೈ ಅಷ್ಟೇ ಅಕ್ಕಿಯಿಂದ ಬಸವಣ್ಣನವರನ್ನೂ ಜಂಗಮಸಮೂಹವನ್ನೂ ಉಣಬಡಿಸಿತೆಂಬುದು ಕಥೆಯ ಉತ್ತರಾರ್ಧ. ಪವಾಡವೆಂದು ಅದನ್ನು ಬದಿಗಿಟ್ಟರೂ, ಆಯ್ದು ತಿನ್ನುವವಳು ನೀಡುವವಳಾದಳೆಂಬ ಅರ್ಥ ಉಳಿಯುತ್ತದೆ.

ಆದಕಾರಣ ಕಾಯಕದ ಸಫಲತೆಯನ್ನು ಕೇಳುವಾಗ ಎಷ್ಟು ಗಳಿಸಿದನೆಂಬ ಪ್ರಶ್ನೆಯೊಡನೆ, ಯಾವ ಮನಸ್ಸಿನಿಂದ ತಂದನು, ಯಾರಿಗೆ ಸಲ್ಲಿಸಿದನು ಎಂಬ ಪ್ರಶ್ನೆಗಳನ್ನೂ ಕೇಳಲೇಬೇಕು. ಆ ಎರಡನ್ನು ಕೇಳುವ ಒಬ್ಬ ಲಕ್ಕಮ್ಮ ಮನೆಯಲ್ಲಿಲ್ಲದಿದ್ದರೆ ಮಾರಯ್ಯನಂಥ ಭಕ್ತನ ದುಡಿಮೆಯೂ ದಾರಿ ತಪ್ಪೀತು.