ಹೊತ್ತು ಮುಳುಗಿದ ಮೇಲಿನ ತೋಟ

ಟೊಮೆಟೊ ಗಿಡ ಎದೆಮಟ್ಟ ಬೆಳೆದಿದೆ. ಎಲೆ ಕಡುಹಸಿರು, ಗೊಂಚಲು ಗೊಂಚಲಾಗಿ ಹಳದಿ ಹೂ. ಕಾಯಿ ಮಾತ್ರ ಒಂದೂ ಇಲ್ಲ. ಏಪ್ರಿಲ್ ನಡುವಿನಿಂದ ಈಚೆಗೆ ಮೈಸೂರಿನ ಯಾರ ಮನೆಯ ತಾರಸಿ ಹತ್ತಿದರೂ ಇದೇ ಕಥೆ. ಉದುರಲಿರುವ ಹೂವಿನ ತೊಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ತೊಟ್ಟಿನ ನಡುವೆ ಸಣ್ಣದೊಂದು ಗಿಣ್ಣು ಇರುತ್ತದೆ. ಮೊದಲು ಅಲ್ಲಿ ಹಳದಿ ಹತ್ತುತ್ತದೆ. ಮರುದಿನ ಬೆರಳು ತಾಗಿದರೆ ಸಾಕು, ಗಿಣ್ಣಿನಿಂದ ಆಚೆಯ ಭಾಗ ಹೂವಿನ ಸಮೇತ ಕಳಚಿಕೊಂಡು ಕೈಗೆ ಬರುತ್ತದೆ.

“ನೀರು ಸಾಲ್ತಿಲ್ವೇನೋ ಸಾರ್, ಇನ್ನೊಂದು ಹೊತ್ತು ಹಾಕ್ಲಾ?” ಎಂದು ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು. ಹೂ ಉದುರಿದರೆ ಎಲ್ಲರಿಗೂ ಮೊದಲು ಹೊಳೆಯುವುದು ನೀರು, ಆಮೇಲೆ ಗೊಬ್ಬರ. ಎರಡನ್ನೂ ಹೆಚ್ಚಿಸಿದರೆ ಗಿಡ ಇನ್ನಷ್ಟು ಎತ್ತರ ಹೋಗುತ್ತದೆ, ಹೂ ಉದುರುವುದು ನಿಲ್ಲುವುದಿಲ್ಲ. ಟೊಮೆಟೊಗೆ ಹಗಲು 35 ಡಿಗ್ರಿ ದಾಟಿದರೆ ಕಷ್ಟ ಎಂಬುದು ಬಹಳ ಜನಕ್ಕೆ ಗೊತ್ತು. ಅದಕ್ಕಿಂತ ದೊಡ್ಡ ಕಷ್ಟ ರಾತ್ರಿಯದು. ರಾತ್ರಿಯ ಉಷ್ಣತೆ 21-22 ಡಿಗ್ರಿಯ ಕೆಳಗೆ ಇಳಿಯದಿದ್ದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಅರಳುವ ಹೂವಿನ ಹಣೆಬರಹ ಹಿಂದಿನ ರಾತ್ರಿಗಳಲ್ಲೇ ಬರೆದಾಗಿರುತ್ತದೆ.

ನಮ್ಮ ಊರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿತ್ತು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಸಂಜೆಯಾದರೆ ಬೀಸುವ ಗಾಳಿ, ಹಿತ್ತಲಿನ ಮಣ್ಣು. ಹಗಲು ಎಷ್ಟೇ ಕಾಯ್ದರೂ ಸರಸ್ವತಿಪುರದ ಹಳೆಯ ಮನೆಗಳ ಹಿತ್ತಲು ರಾತ್ರಿ ಒಂಬತ್ತರ ಹೊತ್ತಿಗೆ ತಣ್ಣಗಾಗುತ್ತದೆ. ದಟ್ಟಗಳ್ಳಿಯ ಕಡೆ ಹೊಸ ಮನೆಗಳ ತಾರಸಿಗೆ ಅದೇ ಹೊತ್ತಿನಲ್ಲಿ ಬರಿಗಾಲಲ್ಲಿ ಹೋಗಿ ನಿಲ್ಲಿ. ಕಾಂಕ್ರೀಟು ರೊಟ್ಟಿ ಹೆಂಚಿನ ಹಾಗೆ ಇನ್ನೂ ಬಿಸಿಯಾಗಿಯೇ ಇರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ನಡುರಾತ್ರಿಯವರೆಗೂ ಬಿಟ್ಟುಕೊಡುತ್ತಿರುತ್ತದೆ. ಅದರ ಮೇಲೆ ನೇರವಾಗಿ ಇಟ್ಟ ಕಪ್ಪು ಗ್ರೋ ಬ್ಯಾಗಿನೊಳಗಿನ ಬೇರಿಗೆ ರಾತ್ರಿಯೆಂಬುದೇ ಇಲ್ಲ.

ಹಾಗಾಗಿ ಈ ವಾರ ಹೇಳಬೇಕೆಂದಿರುವುದು ಇಷ್ಟು: ನಮ್ಮ ಬೇಸಿಗೆಯ ತೋಟದಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಹೊತ್ತು ಮುಳುಗಿದ ಮೇಲೆ. ತೋಟ ನೋಡಲು ನಾವು ಹೋಗುವುದು ಬೆಳಿಗ್ಗೆ, ಕಾಫಿ ಲೋಟ ಹಿಡಿದು. ಬೇಸಿಗೆಯ ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗುವ ಅಭ್ಯಾಸ ಮಾಡಿಕೊಂಡರೆ ಗಿಡಗಳು ಬೇರೆಯೇ ವಿಷಯ ಹೇಳುತ್ತವೆ.

ಹೀರೆಯನ್ನೇ ತೆಗೆದುಕೊಳ್ಳಿ. ಏಣುಗಳಿರುವ ಮಾಮೂಲಿ ಹೀರೆಯ ಹೂ ಅರಳುವುದು ಸಂಜೆ, ಬಿಸಿಲು ಇಳಿದ ಮೇಲೆ. ತುಪ್ಪದ ಹೀರೆ ಅದರ ಹತ್ತಿರದ ನೆಂಟನಾದರೂ ಅರಳುವುದು ಬೆಳಗಿನ ಜಾವ. ಈ ವ್ಯತ್ಯಾಸ ಗಮನಿಸದವರು ಬೆಳಿಗ್ಗೆ ಎಂಟಕ್ಕೆ ಬಳ್ಳಿಯ ಮುಂದೆ ನಿಂತು, ಬಾಡಿದ ಹೆಣ್ಣು ಹೂ ಕಂಡು, ಬಳ್ಳಿಗೆ ರೋಗ ಬಂದಿದೆ ಎಂದುಕೊಳ್ಳುತ್ತಾರೆ. ರೋಗ ಬಂದಿಲ್ಲ, ಸಂಜೆ ಯಾರೂ ಬಂದಿಲ್ಲ. ಹಳ್ಳಿಯ ಹೊಲದಲ್ಲಾದರೆ ಇರುಳು ಹಾರುವ ಪತಂಗಗಳು ಪರಾಗ ಮುಟ್ಟಿಸುತ್ತವೆ. ಮೂರನೆಯ ಮಹಡಿಯ ತಾರಸಿಗೆ, ಬೀದಿದೀಪಗಳ ನಡುವೆ, ಅವು ಬರುವುದು ಅಪರೂಪ.

ಈ ಸಲ ನಮ್ಮ ಹೀರೆಯ ಚಪ್ಪರ ಗೆದ್ದದ್ದು ಕೈಯಿಂದಲೇ. ಸಂಜೆ ಆರರ ಹೊತ್ತಿಗೆ ಹೋಗಿ, ಆಗಷ್ಟೇ ಬಿರಿದ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹಳದಿ ಪುಡಿಯಿರುವ ತುದಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿದರೆ ಆಯಿತು. ಹೆಣ್ಣು ಯಾವುದು ಎಂದು ಗುರುತಿಸುವುದು ಸುಲಭ: ಹೂವಿನ ಕೆಳಗೆ ಕಿರುಬೆರಳಿನಷ್ಟು ಹೀರೆ ಆಗಲೇ, ಏಣುಗಳ ಸಮೇತ, ಕೂತಿರುತ್ತದೆ. ಗಂಡು ಹೂಗಳು ಉದ್ದನೆಯ ಗೊನೆಯಲ್ಲಿ ಬರುತ್ತವೆ, ದಿನಕ್ಕೊಂದರಂತೆ ಅರಳುತ್ತವೆ. ಪರಾಗ ಹತ್ತಿದ ಹೂವಿನ ಕಾಯಿ ಎರಡೇ ದಿನಕ್ಕೆ ಬಾಗಿ ಜೋತುಬೀಳುತ್ತದೆ, ಹತ್ತದ್ದು ತುದಿಯಿಂದ ಹಳದಿಯಾಗಿ ಒಣಗುತ್ತದೆ. ಇನ್ನೊಂದು ಮಾತು. ದಿನ ಉದ್ದವಾಗಿ, ರಾತ್ರಿ ಬೆಚ್ಚಗಾದಷ್ಟೂ ಈ ಬಳ್ಳಿಗಳಲ್ಲಿ ಗಂಡು ಹೂ ಹೆಚ್ಚು, ಹೆಣ್ಣು ಕಡಿಮೆ. ಬರೀ ಗಂಡು ಹೂವೇ ಬಿಡುತ್ತಿದೆ ಎಂದು ಬಳ್ಳಿ ಕಿತ್ತುಹಾಕಬೇಡಿ. ಎರಡು ಮಳೆ ಬಿದ್ದು ಇರುಳು ತಂಪಾದರೆ ಲೆಕ್ಕ ಬದಲಾಗುತ್ತದೆ.

ಸೊಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಕೊತ್ತಂಬರಿ, ಮೆಂತ್ಯ ಬೇಸಿಗೆಯಲ್ಲಿ ಬೇಡ. ಅಂಗೈಯಷ್ಟು ಬರುವ ಮೊದಲೇ ಕೊತ್ತಂಬರಿ ಕಾಂಡ ಎತ್ತಿ ಹೂ ಕಟ್ಟುತ್ತದೆ. ಬಸಳೆ, ದಂಟು, ಚಕ್ರಮುನಿ ಹಾಕಿಕೊಂಡವರ ಮನೆಯಲ್ಲಿ ಹುಳಿಗೆ ಸೊಪ್ಪಿಲ್ಲ ಎಂಬ ಮಾತೇ ಇಲ್ಲ.

ಬದನೆಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಮೈಸೂರಿನವರಿಗೆ ಈರನಗೆರೆ ಬದನೆ ಎಂಬುದು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆಯ ಸಾಲಿನಲ್ಲೇ ಬರುವ ಹೆಸರು. ವಾಂಗಿಬಾತಿಗೆ ಅದರ ರುಚಿಯೇ ಬೇರೆ ಎಂದು ಹಳಬರು ಇಂದಿಗೂ ಹೇಳುತ್ತಾರೆ. ಈರನಗೆರೆ ಈಗ ಮನೆಗೆ ಮನೆ ತಾಗಿಕೊಂಡ ಬಡಾವಣೆ. ಅಲ್ಲಿ ಬದನೆ ಬೆಳೆಯುವ ಜಾಗವಿಲ್ಲ. ಬೀಜ ಉಳಿಯಬೇಕಾದರೆ ನಮ್ಮ ಕುಂಡಗಳಲ್ಲಿ, ಹಿತ್ತಲುಗಳಲ್ಲಿ ಉಳಿಯಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಸಹಜ ಸಮೃದ್ಧದವರು ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆಸುವ ಮೇಳಗಳಿಗೆ ಹೋದಾಗ ಗೆಡ್ಡೆ ಗೆಣಸಿನ ಜೊತೆಗೆ ಊರ ಬದನೆಯ ಬೀಜವನ್ನೂ ಕೇಳಿ. ಕೇಳುವವರು ಹೆಚ್ಚಿದರೆ ತರುವವರೂ ಹೆಚ್ಚುತ್ತಾರೆ.

ಬದನೆ ಸೆಕೆಗೆ ಹೆದರುವ ಗಿಡವಲ್ಲ. ಆದರೂ ಹೂ ಉದುರುತ್ತದೆ ಎಂಬ ದೂರು ಬರುತ್ತದೆ. ಹೂವನ್ನು ತಿರುಗಿಸಿ ಒಳಗೆ ನೋಡಿ. ನಡುವಿನ ಹಳದಿ ಕೊಳವೆಗಳ ಗುಂಪನ್ನು ದಾಟಿ ಹಸಿರು ಕಡ್ಡಿಯೊಂದು ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂ. ಕಡ್ಡಿ ಕೊಳವೆಗಳ ಒಳಗೇ ಅಡಗಿದ್ದರೆ ಅದು ಉದುರುವ ಹೂ, ಏನು ಮಾಡಿದರೂ ನಿಲ್ಲುವುದಿಲ್ಲ. ಗಿಡ ಹಸಿದಾಗ, ಬಳಲಿದಾಗ ಇಂಥ ಹೂಗಳೇ ಹೆಚ್ಚು. ಒಂದು ಬೊಗಸೆ ಎರೆಗೊಬ್ಬರ, ಬುಡಕ್ಕೆ ತರಗೆಲೆಯ ದಪ್ಪ ಹೊದಿಕೆ ಕೊಟ್ಟು ಎರಡು ವಾರ ಬಿಟ್ಟು ಮತ್ತೆ ಹೂ ತಿರುಗಿಸಿ ನೋಡಿದರೆ ಕಡ್ಡಿ ಹೊರಗೆ ಬಂದಿರುವುದು ಕಾಣುತ್ತದೆ.

ಬದನೆಯ ನಿಜವಾದ ಶತ್ರು ಕುಡಿ ಮತ್ತು ಕಾಯಿಕೊರಕ. ಇದೂ ರಾತ್ರಿಯ ವ್ಯವಹಾರವೇ. ಬಿಳಿ ರೆಕ್ಕೆಯ ಮೇಲೆ ಕಂದು ಗುರುತಿರುವ ಪುಟ್ಟ ಪತಂಗ ಕತ್ತಲಲ್ಲಿ ಬಂದು ಎಲೆಯಡಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಹುಳು ಹೊರಬಂದ ಕೆಲವೇ ಗಂಟೆಗಳಲ್ಲಿ ಎಳೆ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರುತ್ತದೆ. ಆಮೇಲೆ ಮೇಲೆ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಬೇವಿನೆಣ್ಣೆ ಹೊಡೆದು ನಿಶ್ಚಿಂತರಾದವರೆಲ್ಲ ಈ ಬೇಸಿಗೆಯಲ್ಲಿ ಸೋತರು. ಗೆದ್ದವರು ಎರಡು ಕೆಲಸ ಮಾಡಿದವರು: ಬಾಡಿ ತಲೆಬಾಗಿದ ಕುಡಿ ಕಂಡ ದಿನವೇ ರಂಧ್ರದಿಂದ ಒಂದಿಂಚು ಕೆಳಗೆ ಕತ್ತರಿಸಿ ಸುಟ್ಟರು, ಜೊತೆಗೆ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ತೂಗುಹಾಕಿದರು. ಕತ್ತರಿಸಿದ ಕುಡಿಯನ್ನು ಗೊಬ್ಬರದ ಗುಂಡಿಗೆ ಎಸೆದರೆ ಹುಳು ಅಲ್ಲೇ ಬೆಳೆದು ಪತಂಗವಾಗಿ ವಾಪಸು ಬರುತ್ತದೆ.

ಬೆಂಡೆಯಲ್ಲಿ ಹಳದಿ ನರ ರೋಗ, ಟೊಮೆಟೊ ಮತ್ತು ಮೆಣಸಿನಕಾಯಿಯಲ್ಲಿ ಎಲೆ ಮುಟುರು ಈ ಸಲವೂ ಧಾರಾಳವಾಗಿ ಬಂದವು. ಬೆಂಡೆಗೂ ಟೊಮೆಟೊಗೂ ಆ ನಂಜನ್ನು ಹೊತ್ತು ತರುವುದು ಬಿಳಿನೊಣ, ಅದಕ್ಕೆ ಒಣ ಸೆಕೆ ಬಹಳ ಇಷ್ಟ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ಈ ರೋಗಗಳನ್ನು ತಡೆದುಕೊಳ್ಳಲೆಂದೇ ಬಂದ ತಳಿಗಳು. ರೋಗ ತಡೆಯುವುದು ಬೇರೆ, ಬೆಚ್ಚನೆಯ ರಾತ್ರಿಯಲ್ಲಿ ಕಾಯಿ ಕಟ್ಟುವುದು ಬೇರೆ ಎಂಬುದು ನೆನಪಿರಲಿ. ಬೇಸಿಗೆಯಲ್ಲೂ ಟೊಮೆಟೊ ಬೇಕೇ ಬೇಕು ಎನ್ನುವವರು ಚೆರ್ರಿ ಜಾತಿಯ ಸಣ್ಣ ಹಣ್ಣಿನ ಗಿಡ ಹಾಕಲಿ. ದೊಡ್ಡ ಹಣ್ಣಿನವುಗಳಿಗಿಂತ ಅವು ಸೆಕೆಯನ್ನು ಚೆನ್ನಾಗಿ ತಾಳುತ್ತವೆ.

ತಾರಸಿಯ ಇರುಳನ್ನು ತಂಪು ಮಾಡುವ ದಾರಿಗಳು ದುಬಾರಿಯಲ್ಲ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ, ಕೆಳಗೆ ಗಾಳಿಯಾಡಲಿ. ಪಡುವಣ ಬಿಸಿಲು ಬೀಳುವ ಕಡೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಕಟ್ಟಿ. ಕಪ್ಪು ಚೀಲದ ಹೊರಮೈಗೆ ಗೋಣಿತಾಟು ಸುತ್ತಿ. ಗಿಡಕ್ಕೆ ನೀರು ಬೆಳಿಗ್ಗೆಯೇ ಕೊಡಿ. ದೊಡ್ಡ ಕುಂಡದ ನಡುವೆ ಸಣ್ಣ ಮಣ್ಣಿನ ಕುಡಿಕೆ ಹೂತು ತುಂಬಿಸಿಟ್ಟರೆ ಅದು ಜಿನುಗಿ ಜಿನುಗಿ ಬೇರಿಗೆ ತಲುಪುತ್ತದೆ, ಅರ್ಧಕ್ಕರ್ಧ ನೀರು ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಆ ಕಾಲ ನಮಗೂ ಬರುವ ಮೊದಲೇ ಹಿಡಿತ ಕಲಿಯುವುದು ಒಳ್ಳೆಯದು. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಆರ್‌ಓ ಯಂತ್ರ ಹೊರಬಿಡುವ ನೀರು ಮಾತ್ರ ಕುಂಡಕ್ಕೆ ಬೇಡ. ಅದರಲ್ಲಿ ಲವಣ ಹೆಚ್ಚು, ಎಲೆಯ ಅಂಚು ಸುಡುತ್ತದೆ.

ಇನ್ನು ಮಲ್ಲಿಗೆ. ಈ ಬೇಸಿಗೆಯ ಸೋಲುಗಳನ್ನೆಲ್ಲ ಮರೆಸುವ ಗೆಲುವು ಅದು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ಶ್ರೀರಂಗಪಟ್ಟಣದವರೆಗೂ ಅದರ ಸೀಮೆ. ಮನೆಯ ಹಿತ್ತಲಿನಲ್ಲಿ ಹೆಚ್ಚಾಗಿ ಇರುವುದು ದುಂಡುಮಲ್ಲಿಗೆ. ಚಳಿಗಾಲದ ಕೊನೆಯಲ್ಲಿ ಕೆಲವು ದಿನ ನೀರು ತಪ್ಪಿಸಿ, ಎಲೆ ಉದುರಿಸಿ, ಕೊಂಬೆ ಸವರಿದ ಗಿಡಗಳು ಈಗ ಎಲೆ ಕಾಣದಷ್ಟು ಮೊಗ್ಗು ಹೊತ್ತಿವೆ. ಉಳಿದ ಗಿಡಗಳು ಬಳಲುವ ಸೆಕೆಯೇ ಇದಕ್ಕೆ ಹಬ್ಬ. ಮೊಗ್ಗು ಕೀಳುವುದು ಬೆಳಗಿನ ತಂಪಿನಲ್ಲಿ. ಅಂದೇ ಅರಳುವ ಮೊಗ್ಗು ದುಂಡಗೆ ಉಬ್ಬಿ ಹಾಲುಬಿಳುಪಿಗೆ ತಿರುಗಿರುತ್ತದೆ, ಹಸಿರು ಛಾಯೆಯಿದ್ದರೆ ನಾಳೆಯದು. ಒದ್ದೆ ಬಟ್ಟೆ ಹೊದೆಸಿಟ್ಟರೆ ಸಂಜೆ ಕಟ್ಟುವವರೆಗೂ ಬಿರಿಯುವುದಿಲ್ಲ. ಮೊಗ್ಗು ನೇರಳೆಗೆ ತಿರುಗಿ ಬುಡ ಊದಿಕೊಂಡಿದ್ದರೆ ಒಳಗೆ ಮೊಗ್ಗಿನ ನೊಣದ ಮರಿ ಇದೆ ಎಂದರ್ಥ. ಅವನ್ನು ಆರಿಸಿ ಸುಟ್ಟು, ಆ ಹುಳು ಕೋಶ ಕಟ್ಟುವುದು ನೆಲದಲ್ಲೇ ಆದ್ದರಿಂದ, ಬುಡದ ಮಣ್ಣನ್ನು ಕೆದಕಿ ಬಿಸಿಲಿಗೆ ಬಿಡಿ. ಒಂದು ಸುತ್ತು ಹೂ ಮುಗಿದ ಕೂಡಲೇ ತುದಿಗಳನ್ನು ಚಿವುಟಿದರೆ ಹೊಸ ಚಿಗುರು ಬರುತ್ತದೆ, ಹೊಸ ಚಿಗುರಿನ ತುದಿಯಲ್ಲೇ ಮುಂದಿನ ಮೊಗ್ಗು.

ಭರಣಿ ಮಳೆ ಬಿದ್ದ ಮರುವಾರದಿಂದ ಮೇ ಫ್ಲವರ್‌ನ ಕೆಂಪು ಚೆಂಡುಗಳು ಮಣ್ಣಿನಿಂದ ನೇರವಾಗಿ ಎದ್ದಿವೆ. ವರ್ಷಕ್ಕೊಮ್ಮೆ ಬರುವ ಆ ಅತಿಥಿಗೆ ಯಾವ ಉಪಚಾರವೂ ಬೇಕಿಲ್ಲ. ಅದೇ ಮಳೆಗೆ ಎದ್ದು ಬರುವ ಇನ್ನೊಬ್ಬರಿಗೆ ಮಾತ್ರ ಸಿದ್ಧರಾಗಿರಿ: ಆಫ್ರಿಕಾದ ದೊಡ್ಡ ಶಂಖದ ಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಬಂದ ಈ ಜೀವಿ ಈಗ ನಮ್ಮ ಪಪ್ಪಾಯ, ಬಸಳೆ, ಸೇವಂತಿಗೆ ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಬೆಲ್ಲದ ನೀರಲ್ಲಿ ಅದ್ದಿದ ಗೋಣಿಚೀಲವನ್ನು ಸಂಜೆ ಹಾಸಿ, ಕೆಳಗೆ ಪಪ್ಪಾಯದ ಎಲೆ ಹರಡಿ. ರಾತ್ರಿ ಹತ್ತರ ಹೊತ್ತಿಗೆ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿಕೊಂಡೇ ಆರಿಸಿ, ಅವು ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿಯನ್ನು ಹೊತ್ತಿರಬಹುದು. ಮಕ್ಕಳನ್ನು ಈ ಕೆಲಸಕ್ಕೆ ಬಿಡಬೇಡಿ.

ರೋಹಿಣಿ ಮಳೆ ಹುಟ್ಟುವುದು ಮೇ 25ರ ಹೊತ್ತಿಗೆ. ಅದಕ್ಕೆ ಮುಂಚೆ ಅರಿಶಿನದ ಕೊಂಬು, ಸುವರ್ಣಗೆಡ್ಡೆಯ ಹೋಳು ನೆಲಕ್ಕೆ ಇಳಿಯಲಿ. ಗೆಡ್ಡೆಯ ಪ್ರತಿ ಹೋಳಿನಲ್ಲೂ ಮೊಳಕೆಯ ಕಣ್ಣಿನ ಒಂದು ಭಾಗ ಇರಬೇಕು, ಕತ್ತರಿಸಿದ ಮೈಗೆ ಸಗಣಿ ಬಗ್ಗಡ ಹಚ್ಚಿ ನೆರಳಲ್ಲಿ ಆರಿಸಿರಬೇಕು. ಟೊಮೆಟೊ ಬೀಜವನ್ನು ಈಗಲೇ ಒಟ್ಲು ಹಾಕಬೇಡಿ. ಜೂನ್ ಕಳೆದು ರಾತ್ರಿ ಹೊದಿಕೆ ಬೇಕೆನಿಸುವ ದಿನಗಳು ಬರಲಿ, ಆಗ ಪೊಟ್ಟಣ ಬಿಚ್ಚಿ.