ಜಿರೊ ಅಂಗಡಿಯ ಹಿಂದಿನ ಕೈಗಳು

ಹೊನ್ನಾವರದ ಮೀನು ಗೇರುಸೊಪ್ಪೆ ಘಾಟಿ ಹತ್ತಿ ತಾಳಗುಪ್ಪಕ್ಕೆ ಬರುತ್ತದೆ. ನಾವು ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುತ್ತೇವೆ. ಅದನ್ನು ಆರಿಸಿ ತಂದವನ ಕಣ್ಣಿಗೆ ಬೆಲೆ ಕಟ್ಟುವುದಿಲ್ಲ. ಡೇವಿಡ್ ಗೆಲ್ಬ್ ಅವರ 2011ರ ಸಾಕ್ಷ್ಯಚಿತ್ರ ‘ಜಿರೊ ಡ್ರೀಮ್ಸ್ ಆಫ್ ಸುಶಿ’ ನೋಡುವಾಗ ಇದೇ ನೆನಪಾಯಿತು.

ಟೋಕಿಯೊದ ಗಿಂಜಾದ ನೆಲಮಾಳಿಗೆಯಲ್ಲಿ 10 ಆಸನಗಳ ಪುಟ್ಟ ಹೋಟೆಲು. ಬಾಣಸಿಗ ಜಿರೊ ಒನೊಗೆ ಆಗ 85 ವರ್ಷ. ಹುಳಿ ಬೆರೆಸಿದ ಅನ್ನದ ತುತ್ತಿನ ಮೇಲೊಂದು ಮೀನಿನ ಹೋಳು, ಸುಶಿ ಎಂದರೆ ಅಷ್ಟೇ. ಅದಕ್ಕೆ ಮಿಶಲಿನ್ ಕೈಪಿಡಿಯ ಮೂರು ನಕ್ಷತ್ರ! ಕ್ಯಾಮರಾ ಮುದುಕನ ಬೆರಳುಗಳಿಗೆ ಅಂಟಿಕೊಂಡುಬಿಟ್ಟಿದೆ. ಭಕ್ತಿ ತುಸು ಹೆಚ್ಚೇ ಆಯಿತು.

ಯಾಕೆಂದರೆ ಮೀನುಪೇಟೆಗೆ ಹೋಗುವವನು ಹಿರಿಮಗ ಯೊಶಿಕಾಜು. ಆಕ್ಟೋಪಸ್ಸನ್ನು 40-50 ನಿಮಿಷ ತಿಕ್ಕಿ ಮೆದುಗೊಳಿಸುವವರು ಶಿಷ್ಯರು. ಮೊಟ್ಟೆಯ ಖಾದ್ಯವನ್ನು 200ಕ್ಕೂ ಹೆಚ್ಚು ಸಲ ಮಾಡಿದ ಶಿಷ್ಯನೊಬ್ಬ, ಗುರು ಒಪ್ಪಿದ ದಿನ ಅತ್ತೆನೆನ್ನುತ್ತಾನೆ. ಮಿಶಲಿನ್ ಪರೀಕ್ಷಕರಿಗೆ ಸುಶಿ ಮಾಡಿ ಬಡಿಸಿದ್ದೂ ತಂದೆಯಲ್ಲ, ಮಗ. ಚಿತ್ರ ಅಲ್ಲಿ ನಿಲ್ಲಬೇಕಿತ್ತು, ನಿಲ್ಲುವುದಿಲ್ಲ. ನನ್ನ ತಕರಾರು ಇದೇ. ಜಿರೊನ ಹೆಂಡತಿಗಂತೂ ಮಾತೇ ಇಲ್ಲ.

2019ರಲ್ಲಿ ಮಿಶಲಿನ್ ಈ ಅಂಗಡಿಯನ್ನು ಪಟ್ಟಿಯಿಂದ ಕೈಬಿಟ್ಟಿತು. ರುಚಿ ಕೆಟ್ಟಿತೆಂದಲ್ಲ, ಸಾಮಾನ್ಯರು ಅಲ್ಲಿ ಆಸನ ಕಾಯ್ದಿರಿಸುವಂತಿಲ್ಲವೆಂದು.