22 ಸಾವಿರಕ್ಕೆ ಆರ್‌ಎಕ್ಸ್ 100

ಎಸ್ಕಾರ್ಟ್ಸ್ ಸಂಸ್ಥೆಯು ಯಮಾಹಾದ ಸಹಯೋಗದಲ್ಲಿ 1985ರಲ್ಲಿ ನಮ್ಮ ರಸ್ತೆಗಿಳಿಸಿ, 1996ರಲ್ಲಿ ತಯಾರಿಕೆಯನ್ನು ನಿಲ್ಲಿಸಿಬಿಟ್ಟ ಆರ್‌ಎಕ್ಸ್ 100 ಎಂಬ ದ್ವಿಚಕ್ರಿಯು, 98 ಸಿಸಿಯ ಅಲ್ಪಕಾಯದೊಳಗೆ 11 ಅಶ್ವಶಕ್ತಿಯನ್ನು ಅಡಗಿಸಿಕೊಂಡು, ಇಂದಿಗೂ ರಸಿಕರ ಹೃದಯದಲ್ಲಿ ತನ್ನ ಪೀಠವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮೂಲ ಭಾಗಗಳು ಅಚ್ಚಳಿಯದೆ ಉಳಿದಿರುವ ಗಾಡಿಯು ಲಕ್ಷ ರೂಪಾಯಿಯನ್ನು ದಾಟಿ ಕೈ ಬದಲಾಗುತ್ತಿರುವ ಈ ಕಾಲದಲ್ಲಿ, ಮೊಬೈಲಿನ ಪರದೆಯ ಮೇಲೆ ‘1994ರ ಮಾದರಿ, ಸಿಂಗಲ್ ಓನರ್, ಶೋರೂಮ್ ಕಂಡೀಶನ್, 22 ಸಾವಿರ, ಅರ್ಜೆಂಟ್ ಸೇಲ್’ ಎಂಬ ಒಕ್ಕಣೆ ಕಂಡಾಗ, ಅದನ್ನು ನಂಬುವುದಕ್ಕೂ ತಳ್ಳಿಹಾಕುವುದಕ್ಕೂ ಮುನ್ನ ಪರೀಕ್ಷಿಸತಕ್ಕ ಕ್ರಮವೊಂದುಂಟು. ಬೆಲೆ ಕಡಮೆಯೆಂಬುದೊಂದೇ ವಂಚನೆಗೆ ಪ್ರಮಾಣವಾಗಲಾರದು. ಗಾಡಿಯೊಡನೆ ಬಾಳಿದವನ ಪರಿಚಯವು ಆ ಜಾಹೀರಾತಿನಲ್ಲಿ ಎಲ್ಲಿಯೂ ಕಾಣದಿರುವುದೇ ನಿಜವಾದ ಅಪಶಕುನ.

ಮೊದಲು ಚಿತ್ರಗಳನ್ನು ನಿಧಾನವಾಗಿ ನೋಡಬೇಕು. ಕಳ್ಳ ಜಾಹೀರಾತಿನ ಚಿತ್ರವು ಬಹುಮಟ್ಟಿಗೆ ಬೇರೊಬ್ಬರ ಗಾಡಿಯದು. ಆದುದರಿಂದ ಹುಬ್ಬಳ್ಳಿಯಲ್ಲಿದೆಯೆಂದು ಬರೆದ ಗಾಡಿಯ ಹಿಂದಿನ ಅಂಗಡಿಯ ಫಲಕವು ಬೇರೊಂದು ಲಿಪಿಯಲ್ಲಿರುವುದು, ಒಂದು ಚಿತ್ರದಲ್ಲಿ ಕಂಡ ಟ್ಯಾಂಕಿನ ತಗ್ಗು ಇನ್ನೊಂದರಲ್ಲಿ ಮಾಯವಾಗಿರುವುದು, ನಂಬರ್ ಪ್ಲೇಟು ಎಲ್ಲ ಚಿತ್ರಗಳಲ್ಲಿಯೂ ಅಳಿಸಿಹೋಗಿರುವುದು, ಇವೆಲ್ಲ ಸಾವಧಾನದ ಕಣ್ಣಿಗೆ ತಪ್ಪದೆ ಬೀಳುತ್ತವೆ. ಗೂಗಲ್ ಲೆನ್ಸಿಗೆ ಆ ಚಿತ್ರವನ್ನು ಒಪ್ಪಿಸಿದರೆ ಅದೇ ಗಾಡಿ ಮೂರು ಊರುಗಳಲ್ಲಿ ಮೂರು ಬೆಲೆಗೆ ನಿಂತಿರುವುದೂ ಕೆಲವೊಮ್ಮೆ ಗೋಚರವಾಗುವುದುಂಟು. ಮೀಟರಿನಲ್ಲಿ 18 ಸಾವಿರ ಕಿಲೋಮೀಟರ್ ತೋರಿಸುವ ಗಾಡಿಯ ಕಿಕ್ಕಿನ ರಬ್ಬರು ಬೋಳಾಗಿ, ಗೇರಿನ ತುದಿ ಸವೆದು ಲೋಹವು ಹೊಳೆಯುತ್ತಿದ್ದರೆ, ಸುಳ್ಳು ಹೇಳುತ್ತಿರುವುದು ಮೀಟರೇ ಹೊರತು ರಬ್ಬರಲ್ಲ. ಸಂದೇಹವುಳಿದರೆ ಈ ದಿನದ ಪತ್ರಿಕೆಯನ್ನು ಸೀಟಿನ ಮೇಲಿರಿಸಿ ಹೊಸದಾಗಿ ಒಂದು ಚಿತ್ರವನ್ನು ತೆಗೆದು ಕಳುಹಿಸುವಂತೆ ಕೇಳಬಹುದು. ಗಾಡಿ ಕೈಯಲ್ಲಿರುವವನಿಗೆ ಅದು ಎರಡು ನಿಮಿಷದ ಕೆಲಸ.

ಆದರೆ ಚಿತ್ರಕ್ಕಿಂತಲೂ ಮಾತೇ ಮಿಗಿಲಾದ ಪರೀಕ್ಷೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಫೋನಿನಲ್ಲಿ ಬೆಲೆಯ ಪ್ರಸ್ತಾಪಕ್ಕೆ ಮೊದಲೇ, ‘ಬೆಳಗಿನ ಚಳಿಯಲ್ಲಿ ಚೋಕ್ ಎಳೆದರೆ ಎಷ್ಟು ಕಿಕ್ಕಿಗೆ ಹಿಡಿಯುತ್ತದೆ, ಸ್ವಾಮಿ?’ ಎಂದೊಮ್ಮೆ ಕೇಳಿ ನೋಡಿ. ಅನಂತರ, ‘ಆಯಿಲ್ ಪಂಪು ಇನ್ನೂ ನಡೆಯುತ್ತಿದೆಯೋ, ಇಲ್ಲವೆ ಪೆಟ್ರೋಲಿಗೇ ಬೆರೆಸಿ ಹಾಕುತ್ತೀರೋ?’ ಎಂಬ ಪ್ರಶ್ನೆ. ಆರ್‌ಎಕ್ಸ್‌ನಲ್ಲಿ ಟು-ಟಿ ಎಣ್ಣೆಗೆ ಪ್ರತ್ಯೇಕವಾದ ತೊಟ್ಟಿಯಿದ್ದು, ಪಂಪೊಂದು ಅದನ್ನು ತಕ್ಕಷ್ಟು ಪ್ರಮಾಣದಲ್ಲಿ ಎಂಜಿನ್ನಿಗೆ ಉಣಿಸುತ್ತದೆ. ಆ ಪಂಪು ಕೈಕೊಟ್ಟರೆ ಪಿಸ್ಟನ್ ಹಿಡಿದುಕೊಂಡೀತೆಂಬ ಭಯದಿಂದ ಅನೇಕರು ಅದನ್ನು ಕಳಚಿ, ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವ ರೂಢಿಯನ್ನಿಟ್ಟುಕೊಂಡಿದ್ದಾರೆ. ಗಾಡಿಯನ್ನು ಓಡಿಸಿದವನು ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸಿ ಸುಮ್ಮನಾಗಲಾರ: ‘ಅಯ್ಯೋ ಸಾರ್, ಪಂಪು ನಂಬಕ್ಕಾಗಲ್ಲ, ನಮ್ಮ ಮೇಸ್ತ್ರಿ ಬಿಚ್ಚಿಸಿಬಿಟ್ಟ’ ಎಂದು ಆರಂಭಿಸಿ, ಮೇಸ್ತ್ರಿಯ ಸ್ವಭಾವ, ಸೈಲೆನ್ಸರಿನ ಹೊಗೆ, ಘಾಟಿಯಲ್ಲಿ ಗಾಡಿ ಏರಿದ ಬಗೆ, ಎಲ್ಲವನ್ನೂ ಹೇಳಿಯಾನು. ತನ್ನ ಗಾಡಿಯ ದೋಷವನ್ನು ಕೇಳದೆಯೇ ಹೇಳುವವನಲ್ಲಿ ನನಗೆ ಎಲ್ಲಿಲ್ಲದ ವಿಶ್ವಾಸ. ಅದಕ್ಕೆ ವಿರುದ್ಧವಾಗಿ ‘ಗಾಡಿ ಸೂಪರ್, ಬೇರೆಯವರೂ ಕೇಳ್ತಿದಾರೆ, ಅಡ್ವಾನ್ಸ್ ಹಾಕಿ’ ಎಂದು ಮಾತನ್ನು ಹಣದ ಕಡೆಗೇ ಮತ್ತೆ ಮತ್ತೆ ತಿರುಗಿಸುವವನ ಬಳಿ ಗಾಡಿಯಿಲ್ಲವೆಂದೇ ತಿಳಿಯತಕ್ಕದ್ದು.

ಇಂಥವರ ತಂತ್ರಗಳಲ್ಲಿ ಅತ್ಯಂತ ನೀಚವಾದುದು ಯೋಧನ ವೇಷ. ತಾನು ಬೆಳಗಾವಿಯ ದಂಡಿನಲ್ಲೋ ಬೆಂಗಳೂರಿನ ವಿಮಾನ ನಿಲ್ದಾಣದ ಕಾವಲಿನಲ್ಲೋ ಇರುವವನೆಂದೂ, ಹಠಾತ್ತಾಗಿ ವರ್ಗವಾಗಿರುವುದರಿಂದ ಅಗ್ಗಕ್ಕೆ ಕೊಡುತ್ತಿರುವೆನೆಂದೂ ಹೇಳಿ, ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸಿ, ಗಾಡಿಯನ್ನು ಸೇನೆಯ ಪಾರ್ಸೆಲ್ಲಿನಲ್ಲಿ ರವಾನಿಸಲು ಮುಂಗಡವನ್ನು ಬೇಡುವ ಈ ತಂತ್ರವು ನಮ್ಮ ಜನರಿಗೆ ಸೈನಿಕರ ಮೇಲಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡಿದೆ. ಅಡ್ವಾನ್ಸು ಹಿಂತಿರುಗಿಸುತ್ತೇನೆಂದು ಕ್ಯೂಆರ್ ಕೋಡನ್ನು ಕಳುಹಿಸಿ ಪಿನ್ ಒತ್ತಲು ಹೇಳುವುದೂ ಇದರ ಉತ್ತರಾಂಗವೇ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ನಿನ ಅಗತ್ಯವೇ ಇಲ್ಲ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು.

ಗಾಡಿ ನಿಜವಾಗಿಯೂ ಇದೆಯೆಂದಾದ ಮೇಲೆ ಕಾಗದಗಳ ವಿಚಾರ. ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪಿನಲ್ಲಿ ನಮೂದಿಸಿದರೆ ನೋಂದಣಿಯ ದಿನಾಂಕ, ಇನ್ಶೂರೆನ್ಸಿನ ಅವಧಿ ಮುಂತಾದವು ತೋರುತ್ತವೆ. ಹಳೆಯ ಗಾಡಿಗಳ ದಾಖಲೆ ಕೆಲವೊಮ್ಮೆ ಗಣಕಕ್ಕೆ ಏರಿಲ್ಲದಿರುವುದರಿಂದ, ಅಲ್ಲಿ ಕಾಣಲಿಲ್ಲವೆಂಬ ಮಾತ್ರಕ್ಕೆ ಕಳವಿನದೆಂದು ಭಾವಿಸದೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಯುಕ್ತ. ನೋಂದಣಿಯು 15 ವರ್ಷಗಳಿಗೆ ಮುಗಿದು, ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣಗೊಳ್ಳತಕ್ಕುದಾದುದರಿಂದ, 1994ರ ಗಾಡಿಗೆ ಲೆಕ್ಕದಂತೆ 2009, 2014, 2019, 2024ರ ನವೀಕರಣಗಳಾಗಿರಬೇಕು. ಅವು ತಪ್ಪಿದ್ದರೆ ಆ ಅಗ್ಗದ ಬೆಲೆಯ ಮೇಲೆ ಬಾಕಿ ಶುಲ್ಕಗಳು ಬಂದು ಕೂರುತ್ತವೆ. ಹ್ಯಾಂಡಲಿನ ಕೊರಳಿನ ಬಳಿಯ ಚಾಸಿ ನಂಬರನ್ನು ಬಟ್ಟೆಯಿಂದ ಒರಸಿ, ಅಂಕಿಗಳು ಒಂದೇ ಆಳಕ್ಕೆ ಒಂದೇ ಸಾಲಿನಲ್ಲಿ ನಿಂತಿವೆಯೋ, ಸುತ್ತ ಅರದ ಗೀರುಗಳಿವೆಯೋ, ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಸದೋ ಎಂಬುದನ್ನು ಬೆರಳಿನಿಂದ ಸವರಿ ನೋಡಿರಿ. ಎಂಜಿನ್ ನಂಬರು ಆರ್‌ಸಿಯೊಡನೆ ಹೊಂದದಿದ್ದರೆ, ಆರ್‌ಎಕ್ಸ್ 135ರ ಎಂಜಿನ್ನನ್ನು ತಂದು ಕೂರಿಸಿರುವ ಸಂಭವವುಂಟು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸ್ಪಷ್ಟಪಡಿಸಿರುವುದರಿಂದ, ಪ್ರಾಮಾಣಿಕನಾದ ಮಾರಾಟಗಾರನು ಫಾರಂ 29 ಮತ್ತು 30ಕ್ಕೆ ಸಹಿ ಹಾಕಲು ತಾನಾಗಿಯೇ ಆತುರಪಡುತ್ತಾನೆ.

ಇಷ್ಟು ಹೇಳಿದ ಮೇಲೂ, 22 ಸಾವಿರದ ಸಾಚಾ ಗಾಡಿ ಇಲ್ಲವೇ ಇಲ್ಲವೆಂದಲ್ಲ. ತಂದೆ ತೀರಿಕೊಂಡ ಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಹತ್ತು ಮಳೆಗಾಲ ಕಳೆದ ಗಾಡಿಯನ್ನು, ಮನೆ ರಿಪೇರಿಗೆ ಜಾಗ ಬೇಕೆಂದು ಮಕ್ಕಳು ಮಾರಲಿಟ್ಟಿರುತ್ತಾರೆ. ಅಲ್ಲಿ ಆರ್‌ಸಿ ಇನ್ನೂ ತಂದೆಯ ಹೆಸರಿನಲ್ಲಿರುವುದರಿಂದ, ಫಾರಂ 31ರ ಮೂಲಕ ಮೊದಲು ವಾರಸುದಾರರ ಹೆಸರಿಗಾಗಿ ಅನಂತರ ನಿಮ್ಮ ಹೆಸರಿಗಾಗಬೇಕು. ಇತರ ಮಕ್ಕಳ ಒಪ್ಪಿಗೆಯ ಪತ್ರವನ್ನೂ ಕೇಳಿಕೊಳ್ಳಿರಿ, ಮತ್ತು ಅವರಿಗೆ ಮಾರುಕಟ್ಟೆಯ ಬೆಲೆ ತಿಳಿಯದಿದ್ದರೆ ದಯವಿಟ್ಟು ಹೇಳಿರಿ. ಅಂಥ ಗಾಡಿಯನ್ನು ಕಂಡೊಡನೆ ಉತ್ಸಾಹದಿಂದ ಕಿಕ್ ಹೊಡೆಯಕೂಡದು. ಟ್ಯಾಂಕಿನೊಳಕ್ಕೆ ಟಾರ್ಚು ಬಿಟ್ಟು ತುಕ್ಕನ್ನು ನೋಡಿ, ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ನಾಲ್ಕು ತೊಟ್ಟು ಟು-ಟಿ ಎಣ್ಣೆಯನ್ನು ಬಿಟ್ಟು, ಸ್ವಲ್ಪ ಹೊತ್ತು ಕಾದು, ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ಒತ್ತಿರಿ; ಪಿಸ್ಟನ್ ಅಲುಗಿದರೆ ಬೆಲೆಯ ಮಾತು ಆಡಬಹುದು.